ಕಿಟಕಿಯಾಚೆ ತಮ್ಮನ ದನಿ

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ವಿಜ್ಞಾನ ಕಲಿಸುವ ಶಿಕ್ಷಕಿ ನಾನು. ಯಾರೋ ಕರೆದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಎನ್ನುವವರ ಮಾತು ಕೇಳಿ ಒಳಗೊಳಗೇ ನಗುತ್ತಿದ್ದೆ. ಹನ್ನೆರಡು ವರ್ಷಗಳ ಹಿಂದೆ ಗಡಿಯಂಚಿನ ನಮ್ಮೂರು ಶೇಡಬಾಳದಲ್ಲಿ ನನಗಾದದ್ದನ್ನು ಆದಂತೆಯೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಅಪ್ಪ ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ತಮ್ಮ ಸನ್ಮತಿ ಇಬ್ಬರೇ. ಅವನು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾದಾಗ ನೋವಿಗೆಂದು ಹಾಕಿಸಿಕೊಂಡ ಇಂಜೆಕ್ಷನ್ನು, ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಸುಡು ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ. ಒಮ್ಮೆ ಹಟ ಹಿಡಿದು ತೋಳು ಮಡಿಸಿ ನೋಡಿದೆ. ಮೊಣಕೈಯ ಒಳಗೆಲ್ಲ ಕಪ್ಪುಗಟ್ಟಿದ ಚುಕ್ಕೆಗಳು.

"ಬಿಡತೇನಕ್ಕಾ, ನಿನ್ನಾಣಿ," ಎಂದ. ಇದೇ ಚಟಕ್ಕೆ ಬಿದ್ದಿದ್ದ ಅವನ ಇಬ್ಬರು ಗೆಳೆಯರೂ ತಮ್ಮ ತಮ್ಮ ಮನೆಗಳಲ್ಲಿ ಇದೇ ಮಾತು ಕೊಟ್ಟಿದ್ದರೆಂದು ಆಮೇಲೆ ತಿಳಿಯಿತು.

ಅಂದು ಮಧ್ಯಾಹ್ನ ಏಳನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಕಿಟಕಿಯ ಹೊರಗಿಂದ "ಅಕ್ಕಾ" ಎಂಬ ಕರೆ. ಸನ್ಮತಿಯದೇ ದನಿ. ಬಗ್ಗಿ ನೋಡಿದರೆ ಬಯಲು ಖಾಲಿ. ಭ್ರಮೆಯೆಂದುಕೊಂಡು ಹಲಗೆಯ ಕಡೆ ತಿರುಗಿದೆ. ಅಷ್ಟರಲ್ಲಿ ಪಕ್ಕದ ತರಗತಿಯ ಶಬಾನಾ ಟೀಚರ್ ಬಾಗಿಲಿಗೆ ಬಂದರು.

"ನಿಮ್ಮ ತಮ್ಮ ಆಗಿಂದ ಕರಿಯಾಕತ್ತಾನ. ಕೇಳಸಂಗಿಲ್ಲೇನ್ರಿ ನಿಮಗ?"

"ಎಲ್ಲಿದ್ದಾನ್ರಿ?"

"ಕಾಣಲಿಲ್ರಿ. ದನಿ ಅಷ್ಟ ಕೇಳಸ್ತು."

ಇಬ್ಬರಿಗೂ ಕೇಳಿಸಿದ್ದು ಭ್ರಮೆಯಾಗಿರಲಾರದು. ಮನೆಯವರೆಗೂ ಓಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕ. ಪಕ್ಕದ ಮನೆಯ ಭೀಮಣ್ಣ ಒದ್ದು ಮುರಿದರು. ಸನ್ಮತಿ ಬಚ್ಚಲಲ್ಲಿ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು, ಸೂಜಿ ಇನ್ನೂ ತೋಳಿನಲ್ಲೇ ಇತ್ತು. ಜೀಪಿನಲ್ಲಿ ಹಾಕಿಕೊಂಡು ಗಡಿಯಾಚೆಯ ಮಿರಜಿನ ಆಸ್ಪತ್ರೆಗೆ ಒಯ್ದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಕೈ ಮೀರುತ್ತಿತ್ತೆಂದರು ಡಾಕ್ಟರು. ಇಂಥ ಹುಡುಗರನ್ನು ನೋಡಿ ನೋಡಿ ಸಾಕಾಗಿದೆ ಎಂದೂ ಮರಾಠಿಯಲ್ಲಿ ಗೊಣಗಿದರು.

ಮೂರನೆಯ ದಿನ ಅವನು ಮಾತಾಡುವಂತಾದ. "ನೀ ಕರದಿದ್ದಕ್ಕ ಬಂದೆ ನೋಡಪಾ, ಛಲೋ ಆತು," ಎಂದೆ.

ಅವನು ನನ್ನನ್ನೇ ದಿಟ್ಟಿಸಿದ. "ನಾ ಯಾಕ ಕರೀಲಕ್ಕಾ? ನೀ ಬರಬಾರ್ದಂತನ ಚಿಲಕಾ ಹಾಕಿದ್ದೆ."

ಅವನ ಹೊದಿಕೆ ಸರಿಪಡಿಸಿ ಹೊರಗೆ ಬಂದೆ.

ಎಂಟು ತಿಂಗಳು ಚೆನ್ನಾಗಿಯೇ ಇದ್ದ. ಮನೆಯ ಚಿಲಕಗಳನ್ನೆಲ್ಲ ನಾನು ಕೀಳಿಸಿಬಿಟ್ಟಿದ್ದೆ. ಒಂದು ದಿನ ಊರಾಚೆಯ ಕಬ್ಬಿನ ಹೊಲಕ್ಕೆ ಹೋದವನು ತಿರುಗಿ ಬರಲಿಲ್ಲ. ಮರುದಿನ ಅಲ್ಲೇ ಅವನ ಹೆಣ ಸಿಕ್ಕಿತು, ಪಕ್ಕದಲ್ಲಿ ಸೂಜಿ. ಆ ದಿನವೂ ನಾನು ಶಾಲೆಯಲ್ಲೇ ಇದ್ದೆ, ಅದೇ ಕೋಣೆಯಲ್ಲಿ. ಕಿಟಕಿ ಸಂಜೆಯವರೆಗೂ ತೆರೆದೇ ಇತ್ತು.

ಮೊದಲ ಸಲ ಕರೆದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಎರಡನೆಯ ಸಲ ಯಾಕೆ ಕರೆಯಲಿಲ್ಲವೆಂದೂ.