ದಿನಕ್ಕೊಂದು ಸಾಹೇಬರ ನಾಲ್ಕು ಸೆಕೆಂಡು

ಸೇತುವೆ ಕಟ್ಟುವ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ದಿನಕ್ಕೊಂದು’ ಎಂದೇ. ಆರು ವರ್ಷ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನೀರಿನ ಟ್ಯಾಂಕ್ ಹತ್ತಿ, ಅದೇ ಕಂಬಿಗೆ ಕ್ಯಾಮೆರಾ ಆನಿಸಿ, ದಿನಕ್ಕೊಂದು ಫೋಟೋ. ಸೇತುವೆಗೆ ಕಾಲು ಬಂತು, ಬೆನ್ನು ಬಂತು. ಇವರಿಗೆ ಬಂದದ್ದು ಸೊಂಟನೋವು. ಆ ಎರಡು ಸಾವಿರ ಫೋಟೋಗಳಲ್ಲಿ ಹದ್ದುಗಳಿವೆ, ಮೇಸ್ತ್ರಿಯ ಛತ್ರಿಯಿದೆ, ಸೂಪರಿಂಟೆಂಡೆಂಟರ ಹೊಟ್ಟೆಯಂತೂ ಕಾಮಗಾರಿಗಿಂತ ವೇಗವಾಗಿ ಪ್ರಗತಿ ಸಾಧಿಸಿದೆ. ತೆಗೆದವರು ಮಾತ್ರ ಒಂದರಲ್ಲೂ ಇಲ್ಲ.

ಉದ್ಘಾಟನೆಗೆ ಫೋಟೋಗಳನ್ನೆಲ್ಲ ಪೋಣಿಸಿ ವಿಡಿಯೋ ಮಾಡಬೇಕೆಂದು ಅಪ್ಪಣೆಯಾಯಿತು. “ಕೊನೇಲಿ ನಿಮ್ಮ ಹೆಸರು ಹಾಕ್ಕೊಳ್ಳಿ,” ಎಂದರು ಮುಖ್ಯ ಎಂಜಿನಿಯರು, ಫೈಲಿನಿಂದ ತಲೆಯೆತ್ತದೆ. ಅಷ್ಟು ಸಾಕಾಯಿತು. ನಮ್ಮ ವೀರರು ಹೆಂಡತಿಗೆ ಹೇಳಿದರು, ಮೆಟ್ಟಿಲಿಳಿಯಲಾರದ ತಾಯಿಗೆ ಹೇಳಿದರು, ಸಭಾಂಗಣದ ಮೂರನೇ ಸಾಲಿನಲ್ಲಿ ಹೆಂಡತಿಗೊಂದು ಕುರ್ಚಿಯನ್ನೂ ಹೇಳಿಟ್ಟರು.

ಕಚೇರಿಯ ಮುದಿ ಕಂಪ್ಯೂಟರು ಎಡಿಟಿಂಗ್ ತಂತ್ರಾಂಶದ ಹೆಸರೆತ್ತಿದರೇ ಮೂರ್ಛೆ ಹೋಗುತ್ತಿತ್ತು. ಹಾಗಾಗಿ ಇವರ ಆಯುಧ, ಕಪ್ಪು ಪರದೆಯ ಮೇಲೆ ಟೈಪ್ ಮಾಡುವ ಕಮಾಂಡುಗಳು. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದರು. ಯಾವುದು ಯಾತಕ್ಕೆ ಎಂದು ವಿಚಾರಿಸಿರಲಿಲ್ಲ. ಫಲ ಕೊಡುವ ಮಂತ್ರಕ್ಕೆ ಅರ್ಥ ಕೇಳುವವರು ಯಾರು? ಒಂದು ಪಟ್ಟಿ: ಫೋಟೋದ ಹೆಸರು, ಕೆಳಗೆ ಅದು ಪರದೆಯ ಮೇಲೆ ನಿಲ್ಲಬೇಕಾದ ಹೊತ್ತು. ಸೇತುವೆಯ ಒಂದೊಂದು ದಿನಕ್ಕೂ ಸೆಕೆಂಡಿನ ಏಳನೇ ಒಂದು ಭಾಗ. ಇವರ ಹೆಸರಿದ್ದ ಕೊನೆಯ ಚಿತ್ರಕ್ಕೆ ಭರ್ತಿ ನಾಲ್ಕು ಸೆಕೆಂಡು. ಪಟ್ಟಿಯ ತುದಿಯಲ್ಲಿ ಆ ಚಿತ್ರವನ್ನೇ ಇನ್ನೊಮ್ಮೆ ಬರೆದಿದ್ದರು, ಪುಣ್ಯಾತ್ಮ ಹಾಗೆ ಬರೆದಿದ್ದನೆಂದು.

ಉದ್ಘಾಟನೆಯ ಮಧ್ಯಾಹ್ನ ಸೂಪರಿಂಟೆಂಡೆಂಟರು ಹೆಗಲ ಮೇಲಿಂದ ಇಣುಕಿದರು.

“ಏನ್ರೀ ದಿನಕ್ಕೊಂದು, ಸೇತುವೆಗೆಲ್ಲ ಒಂದೊಂದ್ಸಲ, ನಿಮ್ಮ ಹೆಸರು ಮಾತ್ರ ಎರಡು ಸಲಾನಾ?”

“ಅದು ಹಾಗೇ ಬರೀಬೇಕು ಸಾರ್.”

“ಯಾಕೆ?”

ಯಾಕೆಂದು ಇವರಿಗೂ ಗೊತ್ತಿರಲಿಲ್ಲ.

“ಇರ್ಲಿ ಬಿಡ್ರೀ, ಆಸೆ ಯಾರಿಗಿಲ್ಲ! ಮೂರು ಸಲ ಹಾಕ್ಕೊಳ್ಳಿ, ಮೆರವಣಿಗೇನೂ ಮಾಡ್ಸೋಣ.”

ಟೈಪಿಸ್ಟಮ್ಮ ಕಿಸಕ್ಕನೆ ನಕ್ಕರು. ಇವರ ಕಿವಿ ಕೆಂಡವಾಯಿತು. ತಾನು ಅಂಥ ಆಸೆಬುರುಕನಲ್ಲ ಎಂದು ಜಗತ್ತಿಗೆ ತೋರಿಸಲು ಆ ಕೊನೆಯ ಸಾಲನ್ನು ಅಳಿಸಿ, ಎಂಟರ್ ಕೀಲಿಯನ್ನು ಗುದ್ದಿದರು. ವಿಡಿಯೋ ಬೇಯುವಷ್ಟರಲ್ಲಿ ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ಮೊದಲ ನಿಮಿಷ ನೋಡಿ, ಪೆನ್‌ಡ್ರೈವ್ ಕಿಸೆಗಿಳಿಸಿ ಓಡಿದರು.

ಸಭಾಂಗಣದಲ್ಲಿ ದೀಪ ಆರಿತು. ಐದು ನಿಮಿಷದಲ್ಲಿ ಸೇತುವೆ ಮಣ್ಣಿನಿಂದ ಮೇಲೆದ್ದು ನದಿ ದಾಟಿತು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಇನ್ನು ತಮ್ಮ ಹೆಸರೆಂದು ದಿನಕ್ಕೊಂದು ಅವರು ಹೆಂಡತಿಯ ಮೊಣಕೈ ತಟ್ಟಿದರು. ಪರದೆಯ ಮೇಲೆ ಏನೋ ಬೆಳ್ಳಗೆ ಮಿಂಚಿ, ದೀಪ ಹತ್ತಿಕೊಂಡಿತು.

ಆ ಕಮಾಂಡಿನ ಹುಟ್ಟುಗುಣವೇ ಅದು: ಪಟ್ಟಿಯ ಕಟ್ಟಕಡೆಯ ಚಿತ್ರಕ್ಕೆ ಎಷ್ಟು ಹೊತ್ತು ಬರೆದರೂ ಕ್ಯಾರೇ ಎನ್ನದೆ ಮಿಂಚಿಸಿ ಮುಗಿಸುತ್ತದೆ. ಮಿಂಚಿ ಹೋಗುವ ಪಾಡು ಎರಡನೆಯದಕ್ಕೆ ಬರಲೆಂದೇ ಪುಣ್ಯಾತ್ಮ ಇನ್ನೊಮ್ಮೆ ಬರೆದಿದ್ದ.

“ಎಲ್ರೀ ಹೆಸರು?” ಎಂದಳು ಹೆಂಡತಿ.

“ಬಂತಲ್ಲ.”

“ಅಯ್ಯೋ, ನಾನೇ ಕಣ್ಣು ಮುಚ್ಚಿಬಿಟ್ಟೆ ಅನ್ಸುತ್ತೆ.”

ಅಷ್ಟರಲ್ಲಿ ನಿರೂಪಕಿ, ಈ ಅದ್ಭುತ ವಿಡಿಯೋಗಾಗಿ ಸೂಪರಿಂಟೆಂಡೆಂಟರಿಗೆ ವಂದನೆ ಸಲ್ಲಿಸಿದಳು. ಅವರು ಎದ್ದು ನಿಂತು ಕೈಮುಗಿದರು, ತಮ್ಮದಲ್ಲವೆನ್ನಲಿಲ್ಲ. ಪಕ್ಕದವರು ನೋಡುತ್ತಿದ್ದರೆಂದು ನಮ್ಮ ವೀರರೂ ಚಪ್ಪಾಳೆ ತಟ್ಟಿದರು, ಸ್ವಲ್ಪ ಜೋರಾಗಿಯೇ.

ಮನೆಯಲ್ಲಿ ತಾಯಿ ಬಾಗಿಲಿಗೇ ಕುರ್ಚಿ ಎಳೆದುಕೊಂಡು ಕೂತಿದ್ದರು.

“ಬಂತೇನೋ ಹೆಸರು?”

ಇವರು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು: “ಬಂತು ಅತ್ತೆ. ಗೋಡೆ ತುಂಬ ಬಂತು.”

“ಎಲ್ಲಾರೂ ಓದಿದ್ರಾ?”

“ಹೂಂ, ಓದಿದ್ರು.”

“ಆ ಸೂಪರಿಂಟೆಂಡೆಂಟು ಹೊಟ್ಟೆ ಉರ್ಕೊಂಡಿರ್ಬೇಕು!”

ಹೆಂಡತಿ ಗಂಡನ ಮುಖ ನೋಡಿದಳು. ದಿನಕ್ಕೊಂದು ಅವರು ಬಗ್ಗಿ ಶೂ ದಾರ ಬಿಚ್ಚತೊಡಗಿದರು.

“ತುಂಬಾ ಉರ್ಕೊಂಡ ಅಮ್ಮ,” ಎಂದರು.