ಎರಡು ಹಾರ

ಪಕ್ಕದ ಮನೆಯ ಅಣ್ಣ ಮಹಾಯುದ್ಧದಲ್ಲಿ ಬರ್ಮಾದ ಕಾಡಿನೊಳಗೆ ಪಟ್ಟಾಳದ ಹೇಸರಗತ್ತೆ ನಡೆಸಿದವರು. ಯಾರಾದರೂ ಯುದ್ಧದ ಮಾತೆತ್ತಿದರೆ ಮೂಗುಜ್ಜಿಕೊಂಡು, "ವಜೆ ಹೊತ್ತಿದ್ದೆಲ್ಲಾ ಕತ್ತೆ ಕಣಪ್ಪ, ನಾ ಬರೀ ಹಗ್ಗ ಹಿಡ್ಕಂಡಿದ್ದೆ" ಎನ್ನುತ್ತಿದ್ದರು. ಅದೇ ಯುದ್ಧದಲ್ಲಿ ನಾನು ಪುಣೆಯ ಉಗ್ರಾಣವೊಂದರಲ್ಲಿ ಕೂತು ಸಿಪಾಯಿಗಳಿಗೆ ಕಾಲುಚೀಲ ಹಂಚಿದವನು.

ಯುದ್ಧ ಮುಗಿದು ಏಳೆಂಟು ವರ್ಷದ ಮೇಲೆ, ಚಾಮರಾಜನಗರದ ನಮ್ಮ ಚರ್ಚಿನಲ್ಲಿ ಒಂದು ಭಾನುವಾರ ಪೂಜೆ ಮುಗಿದಾಗ, ಪಾದ್ರಿಗಳು ಪಟ್ಟಾಳದಲ್ಲಿದ್ದ ನಮ್ಮಿಬ್ಬರನ್ನೂ ಮುಂದೆ ಕರೆದು ಚೆಂಡುಹೂವಿನ ಹಾರ ಹಾಕಿದರು. ಹಳೆಯ ಖಾಕಿ ಕೋಟಿನ ಗುಂಡಿ ಕಿತ್ತುಹೋಗದಂತೆ ಉಸಿರು ಬಿಗಿಹಿಡಿದು ನಾನು ಶೌರ್ಯದ ಬಗ್ಗೆ ಭಾಷಣ ಬಿಗಿದೆ. ಚಾಪೆಯ ಮೇಲೆ ಕೂತಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ಕಾಲುಚೀಲದ ಸಂಗತಿ ಬಲ್ಲ ನನ್ನ ಹೆಂಡತಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಣ್ಣನನ್ನು ಮಾತಾಡಲು ಕೇಳಿದರೆ ಸುಮ್ಮನೆ ಕೈಮುಗಿದರು.

ಹೊರಗೆ ಗೇಟಿನ ಬಳಿ ಅಗಸರ ಕತ್ತೆ ನಿಂತಿತ್ತು. ಅಣ್ಣ ತಮ್ಮ ಹಾರ ತೆಗೆದು ಅದರ ಕೊರಳಿಗೆ ಹಾಕಿ, ಕಿವಿ ಸವರಿದರು.

"ಇದೇನಣ್ಣ, ಕತ್ತೆಗೆ ಹಾರವಾ?" ಎಂದೆ.

"ಬರ್ಮಾಗೆ ಬಂದಿದ್ದು ಇದ್ರ ನೆಂಟ ಕಣಪ್ಪ. ಸಲ್ಲೋರಿಗೆ ಸಲ್ಲಲಿ ಬುಡು."

ಕತ್ತೆ ಆ ಹಾರವನ್ನು ಅಲ್ಲೇ ತಿಂದು ಮುಗಿಸಿತು. ನಾನು ನನ್ನದನ್ನು ಕೊರಳಿಂದ ತೆಗೆಯದೆ, ಹತ್ತಿರದ ಓಣಿ ಬಿಟ್ಟು, ಜನ ತುಂಬಿದ ಅಂಗಡಿಬೀದಿ ಸುತ್ತಿಕೊಂಡು ಮನೆ ಸೇರಿದೆ.