ಹುಚ್ಚಯ್ಯ ಹೋದ ಸುದ್ದಿ

ಹದಿನಾರು ಎಂಬ ಊರಿನ ದೇವಯ್ಯನಿಗೆ ಒಂದು ಕೆಟ್ಟ ಗುಣವಿತ್ತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಒಳ್ಳೆಯ ಗುಣ ಅನ್ನುವವರೂ ಇದ್ದಾರೆ, ಅನ್ನಲಿ ಬಿಡಿ, ಅವರೇನು ಅವನ ಜೊತೆ ಸಂಸಾರ ಮಾಡಿದವರೇ? ಹೆಂಡತಿ ರಾಣಿಯನ್ನು ಕೇಳಬೇಕು. ಸಾರು ಸಪ್ಪೆ ಎಂದು ಒಮ್ಮೆ ಅವನ ಬಾಯಲ್ಲಿ ಬಂತೋ, ಆಮೇಲೆ ಮೇಲಿಂದ ಎಷ್ಟು ಉಪ್ಪು ಸುರಿದರೂ ಅವತ್ತಿಗೆ ಅದು ಸಪ್ಪೆ ಸಾರೇ. ಟಿ. ನರಸೀಪುರದ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ, ಮೈಸೂರಿನಲ್ಲಿ ಐಟಿಐ ಮಾಡಿ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮೆಷಿನ್ ನಡೆಸುವವನಾಗಿ ಸೇರಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಗೇಟು ದಾಟಿದವನಲ್ಲ. ಅಂಥವನ ಮಾತಿಗೆ ಬೀದಿಯಲ್ಲಿ ಬೆಲೆ ಬಂದದ್ದು ಸಹಜವೇ.

ಅವನ ಅಪ್ಪ ಹುಚ್ಚಯ್ಯನ ಸಂಗತಿ ಬೇರೆ. ಹುಚ್ಚಯ್ಯ ತಮಟೆಯವನು. ಊರಲ್ಲಿ ಯಾರೇ ತೀರಿಕೊಳ್ಳಲಿ, ಸುದ್ದಿ ಮೊದಲು ಅವನ ಮನೆಬಾಗಿಲಿಗೆ ಬಂದು, ಅಲ್ಲಿಂದ ಊರಿಗೆಲ್ಲ ಹರಡಬೇಕು. ಹುಚ್ಚಯ್ಯ ಒಂದು ಹಿಡಿ ಹುಲ್ಲು ಹೊತ್ತಿಸಿ ತಮಟೆಯ ತೊಗಲು ಕಾಯಿಸುವನು. ಬೆರಳ ಗೆಣ್ಣಿನಿಂದ ಟಣ್ ಎನಿಸಿ, ಕಿವಿ ಹತ್ತಿರ ಹಿಡಿದು, ಸಾಲದು ಎಂದು ಮತ್ತೆ ಕಾಯಿಸುವನು. ಆಮೇಲೆ ಹೊರಟನೆಂದರೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ, "ಯಾರೋ ಒಂಟೋದ್ರು ಕಣ್ರವ್ವಾ" ಎಂದು ಕೈ ತೊಳೆಯಲು ಹೋಗುತ್ತಿದ್ದರು. ಅವನ ಬಡಿತ ಕೇಳಿಯೇ ಹೋದದ್ದು ಮುದುಕರೋ ಹರೆಯದವರೋ ಎಂದು ಹೇಳುತ್ತಿದ್ದರಂತೆ. ಇರಬಹುದು. ಹರೆಯದವರು ಸತ್ತ ದಿನ ಹುಚ್ಚಯ್ಯ ಮನೆಗೆ ಬಂದು ಊಟ ಮಾಡುತ್ತಿರಲಿಲ್ಲ ಅನ್ನುವುದಂತೂ ನಿಜ.

ತೊಂಬತ್ತೊಂದರಲ್ಲಿ ನರಸೀಪುರದ ಕಡೆಯ ಒಂದು ಊರಿನ ದೊಡ್ಡ ಮನೆಯಲ್ಲಿ ಸಾವಾಯಿತು. ಹುಚ್ಚಯ್ಯನಿಗೆ ಅವತ್ತು ಜ್ವರ. ಆದರೂ ಕಂಬಳಿ ಹೊದ್ದು ಹೋದ, ಹೋಗುವುದು ಒಂದು ಗಳಿಗೆ ತಡವಾಯಿತು. ಆ ಮನೆಯವನೊಬ್ಬ ನೂರಾರು ಜನರೆದುರು ಅವನ ಕೆನ್ನೆಗೆ ಬಾರಿಸಿದ. ಅಪ್ಪನಿಗೆ ಜ್ವರ ಹೆಚ್ಚಾದೀತೆಂದು ಸೈಕಲ್ ತುಳಿದುಕೊಂಡು ಹಿಂದೆಯೇ ಬಂದ ದೇವಯ್ಯ ಕಂಡದ್ದೇನು? ಒಂದು ಕೆನ್ನೆ ಊದಿಕೊಂಡ ಅಪ್ಪ, ಹೊಡೆದವನ ಮನೆಯ ಹೆಣದ ಮುಂದೆ, ಒಂದು ಪೆಟ್ಟೂ ತಪ್ಪದಂತೆ ತಮಟೆ ಬಡಿಯುತ್ತ ನಡೆಯುತ್ತಿದ್ದ.

ಮುಂದಿನ ಭಾನುವಾರ ಚಾಮಯ್ಯ ಮೇಷ್ಟ್ರ ಜಗುಲಿಯ ಮೇಲೆ ಬೀದಿಯವರ ಸಂಘದ ಸಭೆ ಸೇರಿತು. ನಮ್ಮ ಬೀದಿಯವರು ಇನ್ನು ಯಾರ ಸಾವಿಗೂ ತಮಟೆ ಬಡಿಯುವುದಿಲ್ಲ ಎಂದು ತೀರ್ಮಾನವಾಯಿತು. "ನಮ್ ನಮ್ಮೋರು ಸತ್ರೆ?" ಎಂದು ಯಾರೋ ಹಿಂದಿನಿಂದ ಕೇಳಿದರು. ದೇವಯ್ಯ ಎದ್ದು ನಿಂತ. "ನಮ್ ಸಾವ್ಗೂ ಬ್ಯಾಡ. ಇಲ್ಲಿ ಬಡುದ್ರೆ, ಅಲ್ಲಿಗ್ಯಾಕೆ ಬರಕಿಲ್ಲ ಅಂತಾರೆ. ಪೂರ್ತಿ ನಿಲ್ಲುಸ್ಬೇಕು. ಮೊದ್ಲು ನಮ್ಮನೇಲೇ ನಿಲ್ಲಿಸ್ತೀನಿ." ಮಾತು ಸರಿಯಾಗಿಯೇ ಇತ್ತು. ಅದೇ ಕಷ್ಟ. ತಪ್ಪು ಮಾತಾಗಿದ್ದರೆ ಯಾರಾದರೂ ಅವತ್ತೇ ಜಗಳ ತೆಗೆದು ಮುರಿಯುತ್ತಿದ್ದರು.

ಹುಚ್ಚಯ್ಯ ಎದುರಾಡಲಿಲ್ಲ. ತಮಟೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಒಂದೇ ಒಂದು ಸಲ, ನಂಜನಗೂಡಿನ ಮಗನ ಮನೆಯಲ್ಲಿ ಊಟಕ್ಕೆ ಕುಳಿತಾಗ, ತಟ್ಟೆಯ ಮೇಲೆ ಬೆರಳು ಆಡಿಸುತ್ತ ಕೇಳಿದ: "ಕೂಲಿಗ್ ಬಡಿಯಾದ್ ಬ್ಯಾಡ ಅಂದೆ, ನ್ಯಾಯ ಕಣ್ಲಾ ಮಗ. ನಾ ಸತ್ತಾಗ್ಲೂ ಸುಮ್ನೇಯಾ?" ದೇವಯ್ಯ ಮುದ್ದೆ ಮುರಿಯುತ್ತ, "ನಿಂಗೇನಾಯ್ತದೆ, ಗುಂಡ್‌ಕಲ್ಲಿದ್ದಂಗಿದ್ದೀಯ, ಉಣ್ಣು" ಅಂದ. ಅಷ್ಟಕ್ಕೇ ಆ ಮಾತು ನಿಂತಿತು.

ತೊಂಬತ್ತೊಂಬತ್ತರಲ್ಲಿ ಕಾರ್ಖಾನೆಗೆ ಜರ್ಮನಿಯಿಂದ ಹೊಸ ಮೆಷಿನ್ ಬರುವುದಿತ್ತು. ಅದನ್ನು ನಡೆಸುವುದು ಕಲಿತು ಬರಲು ಮೂವರನ್ನು ಅಲ್ಲಿಗೆ ಕಳಿಸಿದರು. ಇಬ್ಬರು ಎಂಜಿನಿಯರುಗಳು, ಒಬ್ಬ ದೇವಯ್ಯ. ಎಂಜಿನಿಯರುಗಳು ಮೂರೇ ವಾರಕ್ಕೆ ಕಾಗದ ಪತ್ರ ಕಟ್ಟಿಕೊಂಡು ವಾಪಸಾದರು. ಮೆಷಿನ್ನಿಗೆ ಕೈ ಹಾಕುವವನು ದೇವಯ್ಯ, ಆದ್ದರಿಂದ ಅವನೊಬ್ಬನೇ ಇನ್ನೂ ಮೂರು ವಾರ ಅಲ್ಲೇ ಇರಬೇಕಾಯಿತು. ಕೆರೆಯಂಚಿನ ಒಂದು ಸಣ್ಣ ಊರು, ವಯಸ್ಸಾದ ಹೆಂಗಸೊಬ್ಬಳ ಮನೆಯ ಮಹಡಿಯ ಕೋಣೆ. ಕೈಗಡಿಯಾರವನ್ನು ಮಾತ್ರ ಅವನು ಅಲ್ಲಿನ ಹೊತ್ತಿಗೆ ತಿರುಗಿಸಲಿಲ್ಲ. ಅದು ಊರಿನ ಹೊತ್ತನ್ನೇ ತೋರಿಸುತ್ತಿತ್ತು. ಹೆಂಡತಿ ಮಕ್ಕಳು ಈಗ ಉಂಡರು, ಈಗ ಮಲಗಿದರು ಎಂದು ನೋಡಿಕೊಳ್ಳಲು.

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆ ಹೆಂಗಸು ಕೆಳಗಿನಿಂದ ಕೂಗಿದಳು. ಫೋನು. ತಮ್ಮ ನಾಗೇಂದ್ರ, ನಂಜನಗೂಡಿನ ಬಸ್ ಸ್ಟ್ಯಾಂಡಿನ ಬೂತಿನಿಂದ.

"ಅಣ್ಣೋ, ಅಪ್ಪ ಒಂಟೋದ ಕಣಣ್ಣ. ಒತ್ತಾರೆ ಅವ್ವ ಕಾಪಿ ಕೊಡಕ್ ಓದ್ರೆ ಏಳ್ನೇ ಇಲ್ಲ."

 ಬರಲು ಆಗುತ್ತದಾ ಎಂದು ನಾಗೇಂದ್ರ ಕೇಳಿದ. ಟಿಕೆಟ್ಟು ಸಿಕ್ಕಿದರೂ ಎರಡು ದಿನ ಬೇಕು ಎಂದ ದೇವಯ್ಯ. ಅಷ್ಟು ದಿನ ಇಟ್ಟುಕೊಳ್ಳಲಾಗುವುದಿಲ್ಲ, ಸಾಯಂಕಾಲ ಐದಕ್ಕೆ ಎತ್ತಬೇಕು ಅಂತ ಮೇಷ್ಟ್ರು ಹೇಳಿದ್ದಾರೆ ಎಂದ ನಾಗೇಂದ್ರ. 

"ಇನ್ನೊಂದ್ ಮಾತು ಕಣಣ್ಣ. ತಮಟೆ ಬಡುಸ್ಲಾ? ಬಿಳಿಗೆರೆ ಊರ್ ಕಡೆಯಿಂದ ಬಡಿಯೋ ಜನ ಸಿಕ್ತಾರೆ. ಅವ್ವ ಕೇಳ್ತಾವ್ಳೆ. ಮೇಷ್ಟ್ರೂವೆ, ಮಾತು ಕೊಟ್ಟೋನು ದೇವಯ್ಯ, ಅವನ್ನೇ ಕೇಳು ಅಂದ್ರು."

"ಬ್ಯಾಡ."

"ಅಣ್ಣ, ಅಪ್ಪನ್ಗೆ ಕಣಣ್ಣ..."

"ಅಪ್ಪನ್ಗೆ ಅಂತಾನೇ ಬ್ಯಾಡ ಕಣ್ಲಾ. ನಮ್ಮನೇಲೇ ಮಾತು ಮುರುದ್ರೆ ನಾಳೆ ಯಾರ್ ಬಾಯಿ ಮುಚ್ಚಕಾಯ್ತದೆ? ಬ್ಯಾಡ ಅಂದ್ರೆ ಬ್ಯಾಡ."

ಆ ಕಡೆ ನಾಗೇಂದ್ರ ಸರಿ ಅಂದನೋ, ಅತ್ತನೋ, ಅಷ್ಟರಲ್ಲಿ ಲೈನು ಕಡಿದುಹೋಯಿತು.

ದೇವಯ್ಯ ತಲೆಗೆ ತಣ್ಣೀರು ಹುಯ್ದುಕೊಂಡು ಮಂಚದ ಮೇಲೆ ಕುಳಿತ. ಅಳು ಬರಲಿಲ್ಲ. ಯಾರಾದರೂ ಎದುರಿಗೆ ಬಂದು ಅಯ್ಯೋ ಅಂದರೆ ತಾನೇ ಅಳು ಬರುವುದು? ಸಾವಿನ ಮನೆಯೆಂದರೆ ಅಲ್ಲಿ ಜನ ಇರಬೇಕು. ಜಗುಲಿಯ ತುಂಬ ಕುಳಿತು, ಬೀಡಿ ಸೇದುತ್ತಲೋ, ಸುಮ್ಮನೆ ಕೆಮ್ಮುತ್ತಲೋ, ಅಂತೂ ಇರಬೇಕು. ಇಲ್ಲಿ ಒಂದು ಕಿಟಕಿ, ಒಂದು ಮಂಚ. ಮನೆಯ ಹೆಂಗಸು ರೊಟ್ಟಿಯ ತಟ್ಟೆ ತಂದಿಟ್ಟು, ಅವನಿಗೆ ಬಂದ ಸುದ್ದಿ ಗೊತ್ತಿಲ್ಲದೆ, ನಗುತ್ತ ಒಂದು ಚೀಟಿ ಕೈಗಿಟ್ಟಳು. ಇವತ್ತು ಕೆರೆಯ ಪಕ್ಕದ ಬಯಲಿನಲ್ಲಿ ದೊಡ್ಡ ಸಂಗೀತೋತ್ಸವ, ತನಗೆ ಮಂಡಿನೋವು, ನೀನು ಹೋಗು ಎಂದು ಕೈಸನ್ನೆ ಮಾಡಿದಳು. ಅಪ್ಪ ಸತ್ತ ದಿನ ಸಂಗೀತಕ್ಕೆ ಹೋಗುವ ಮಗ ಎಲ್ಲಾದರೂ ಉಂಟೇ? ಆದರೆ ದೇವಯ್ಯ ಹೋದ. ಜನ ತನ್ನ ಮನೆಗೆ ಬರುವಂತಿರಲಿಲ್ಲ, ಜನ ಇರುವ ಕಡೆಗೆ ಅವನೇ ಹೋದ.

ಬಯಲು ತುಂಬಿತ್ತು. ಅಬ್ಬಬ್ಬಾ, ಅದೆಷ್ಟು ಜನ! ಹುಲ್ಲಿನ ಮೇಲೆ ಅರೆಬೆತ್ತಲೆ ಮಲಗಿದವರು, ಮುಖಕ್ಕೆ ಬಣ್ಣ ಬಳಿದುಕೊಂಡ ಮಕ್ಕಳು, ಲೋಟದ ತುಂಬ ಬಿಯರು. ವೇದಿಕೆಯ ಮೇಲೆ ಉದ್ದ ಕೂದಲಿನವರು ಗಿಟಾರು ಹಿಡಿದು ಕಿರುಚುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರ್ಟಿನ ದೇವಯ್ಯ ಒಂದು ಮರದ ಬುಡದಲ್ಲಿ, ಚಪ್ಪಲಿ ಬಿಟ್ಟು, ಮಂಡಿ ಕಟ್ಟಿ ಕುಳಿತ. ಪಕ್ಕದ ಹುಡುಗಿಯೊಬ್ಬಳು ಅವನ ಮುಖ ನೋಡಿ ಏನೋ ಕೇಳಿದಳು. ಇವನು "ಓಕೆ, ಓಕೆ" ಅಂದ. ಗಡಿಯಾರ ನೋಡಿಕೊಂಡ. ಮೂರೂವರೆ. ಈಗ ಅಪ್ಪನಿಗೆ ನೀರು ಹಾಕುತ್ತಿರುತ್ತಾರೆ. ನಾಲ್ಕು. ಈಗ ಹೊಸ ಬಟ್ಟೆ ಹೊದಿಸಿರುತ್ತಾರೆ, ಅವ್ವ ಕಾಲು ಹಿಡಿದುಕೊಂಡು ಕುಳಿತಿರುತ್ತಾಳೆ. ಹೀಗೆ ಗಡಿಯಾರದೊಳಗೇ ಅಪ್ಪನ ಸಾವು ನೋಡುತ್ತ ಕುಳಿತಿದ್ದ.

ಗಿಟಾರಿನವರು ಇಳಿದರು. ಮುಂದೆ ಹತ್ತಬೇಕಾದವರು ಮರದಿಂದ ಹತ್ತು ಮಾರು ದೂರದಲ್ಲಿ ತಯಾರಾಗುತ್ತಿದ್ದರು. ಉದ್ದ ನಿಲುವಂಗಿ ತೊಟ್ಟ ಐದಾರು ಗಂಡಸರು, ಮೊರಾಕೊ ದೇಶದವರಂತೆ. ಕೈಯಲ್ಲಿ ಅಗಲವಾದ, ತೆಳ್ಳನೆಯ, ಒಂದೇ ಮಗ್ಗುಲಿಗೆ ತೊಗಲು ಬಿಗಿದ ವಾದ್ಯ. ಅವರು ಕಬ್ಬಿಣದ ಬಾಂಡಲಿಯಲ್ಲಿ ಬೆಂಕಿ ಹಾಕಿ, ವಾದ್ಯವನ್ನು ಅದರ ಮೇಲೆ ಆಡಿಸತೊಡಗಿದರು. ಕಾದ ತೊಗಲಿನ ವಾಸನೆ ದೇವಯ್ಯನ ಮೂಗಿಗೆ ಬಡಿಯಿತು. ಎದ್ದು ನಿಂತುಬಿಟ್ಟ. ಅವರಲ್ಲಿ ವಯಸ್ಸಾದವನೊಬ್ಬ ಬೆರಳ ಗೆಣ್ಣಿನಿಂದ ಟಣ್ ಎನಿಸಿ, ಕಿವಿ ಹತ್ತಿರ ಹಿಡಿದು, ತಲೆಯಾಡಿಸಿ, ಮತ್ತೆ ಬೆಂಕಿಯ ಮೇಲೆ ಹಿಡಿದ.

ಹೆಗಲ ಮೇಲೊಂದು ಟವೆಲಿದ್ದಿದ್ದರೆ ಅವನು ಹುಚ್ಚಯ್ಯನೇ.

ಆಮೇಲೆ ಅವರು ವೇದಿಕೆ ಹತ್ತಿ ಬಾರಿಸಿದರು. ಜನ ಎದ್ದು ಹೋ ಎಂದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ತೊಗಲು ಬಡಿಯುವವನನ್ನು ನೋಡಲು ಚೀಟಿ ಕೊಂಡು ಬಂದಿದ್ದಾರೆ! ಅವನ ಕೆನ್ನೆ ಮುಟ್ಟುವವರು ಯಾರೂ ಇಲ್ಲ.  ಅಯ್ಯೋ, ಇದೇನು ಮಾಡಿಬಿಟ್ಟೆ? ಹೊಡೆದವನ ತಪ್ಪನ್ನು ತಮಟೆಯ ತಲೆಗೆ ಕಟ್ಟಿದೆನಲ್ಲ. ಹೊಡೆದವನ ಮನೆಯ ಹೆಣಕ್ಕೂ ಒಂದು ಪೆಟ್ಟು ತಪ್ಪಿಸದವನು, ತಾನು ಹೋಗುವಾಗ ಸದ್ದಿಲ್ಲದೆ ಹೋಗಬೇಕೇ? ಅದೂ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮಾತಿಗೆ?

ಗಡಿಯಾರದಲ್ಲಿ ನಾಲ್ಕು ಮುಕ್ಕಾಲು. ಎತ್ತುವುದು ಐದಕ್ಕೆ. ಬಿಳಿಗೆರೆಯವರು ಬರುವವರೆಗೆ ಒಂದು ಗಂಟೆ ಕಾಯಿರಿ ಅಂದರೆ ಕಾಯುವುದಿಲ್ಲವೇ? ಆಡಿದ ಮಾತನ್ನು ಹುಟ್ಟಿದಂದಿನಿಂದ ವಾಪಸು ತೆಗೆದುಕೊಳ್ಳದ ದೇವಯ್ಯ ಬರಿಗಾಲಿನಲ್ಲೇ ಓಡಿದ.

ಗೇಟಿನ ಪಕ್ಕದಲ್ಲಿ ಗಾಜಿನ ಟೆಲಿಫೋನ್ ಗೂಡು. ಒಳಗೊಬ್ಬ ಹುಡುಗ ಯಾರ ಜೊತೆಗೋ ಮುದ್ದುಮುದ್ದಾಗಿ ಮಾತಾಡುತ್ತಿದ್ದ. ದೇವಯ್ಯ ಗಾಜು ತಟ್ಟಿದ, ಕೈ ಮುಗಿದ. ಅವನು ನಕ್ಕು ಇನ್ನೊಂದೇ ನಿಮಿಷ ಎಂದು ಬೆರಳು ತೋರಿಸಿದ. ಒಂದು ನಿಮಿಷವೆಂದರೆ ಹನ್ನೆರಡು ನಿಮಿಷ. ಕೊನೆಗೆ ಒಳಗೆ ಹೋಗಿ ಕಾರ್ಡು ಹಾಕಿ ಚಾಮಯ್ಯ ಮೇಷ್ಟ್ರ ನಂಬರು ಒತ್ತಿದ, ತಪ್ಪಿತು. ಮತ್ತೆ ಒತ್ತಿದ, ಎಂಗೇಜು. ಮತ್ತೆ ಎಂಗೇಜು. ಸಾವಿನ ದಿನ ಬೀದಿಗೆಲ್ಲ ಒಂದೇ ಫೋನಾದರೆ ಇನ್ನೇನಾಗುತ್ತದೆ? ಎಷ್ಟನೆಯ ಸಲಕ್ಕೋ ರಿಂಗಾಯಿತು.

"ಮೇಷ್ಟ್ರೇ, ನಾನು ದೇವಯ್ಯ. ತಮಟೆ ಬಡ್ಸಿ ಮೇಷ್ಟ್ರೇ. ನಾನೇ ಏಳ್ತಾ ಇದ್ದೀನಿ. ಬಿಳಿಗೆರೆಯೋರ್ನ ಕರ್ಸಿ, ಅಲ್ಲೀಗಂಟ ಎತ್‌ಬ್ಯಾಡಿ..."

ಮೇಷ್ಟ್ರು ಅಂದರು: "ದೇವಯ್ಯ, ಮೋಡ ಕಟ್ಟಿತ್ತು ಕಣಪ್ಪ. ಮಳೆ ಬಂದ್ಬಿಡುತ್ತೆ ಅಂತ ನಾಲ್ಕಕ್ಕೇ ಎತ್ತಿದೋ. ಈಗ ತಾನೆ ಮಣ್ಣು ಮಾಡಿ ಬಂದೋ."

ದೇವಯ್ಯ ಗಾಜಿಗೆ ತಲೆ ಆನಿಸಿ ನಿಂತ. ಅಳು ಈಗ ಬಂತು. ಗೂಡಿನೊಳಗೆ ನಿಂತು ದೊಡ್ಡ ದನಿಯಲ್ಲೇ ಅತ್ತ. ಆ ಕಡೆ ಮೇಷ್ಟ್ರು ಫೋನನ್ನು ಜಗುಲಿಗೆ ಎಳೆದು, ಪಕ್ಕದ ಮನೆಯ ಮುಂದೆ ಕುಳಿತಿದ್ದ ಅವ್ವ ಮರಿತಾಯಮ್ಮನನ್ನು ಕರೆಸಿದರು.

"ಮಗ."

"ಅವ್ವ..."

"ಅಳ್‌ಬ್ಯಾಡ ಕಣ್ಲಾ. ನೀನೊಬ್ನೇ ಇದ್ದೀಯ ಅಲ್ಲಿ, ಅಳ್‌ಬ್ಯಾಡ." ಅವಳೇ ಮುಂದುವರಿಸಿದಳು: "ಮೂಗನಂಗೆ ಒಂಟೋದ ಕಂದ ನಿಮ್ಮಪ್ಪ. ಊರ್ ಮುಂದ್ಲಿಂದ ಓಗ್ತಾ ಇದ್ರೆ ಇದ್ಯಾರು, ಇದ್ಯಾರು ಅಂತ ಕೇಳವ್ರೆ. ಗದ್ದೆಲಿದ್ದೋರು ತಲೆ ಎತ್ತಿ ನೋಡ್ನಿಲ್ಲ. ಊರೋರ್ದೆಲ್ಲ ಸುದ್ದಿ ಮುಟ್ಟುಸ್ದೋನು, ಅವ್ನ್ ಓದದ್ದು ಯಾರ್ಗೂ ಗೊತ್ತೇ ಆಗ್ನಿಲ್ಲ."

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ.  ಅಷ್ಟರಲ್ಲಿ ಬಯಲಿನ ಕಡೆ ಬಾರಿಸುವವರ ಕೈ ಏರಿತು, ಗೂಡಿನ ಗಾಜು ಅದುರತೊಡಗಿತು.

"ಅದೇನ್ಲಾ ಮಗ ಸದ್ದು? ತಮಟೆಯಂಗ್ ಕೇಳ್ತದೆ."

ಇದ್ಯಾವುದೋ ಮ್ಯೂಸಿಕ್ಕು ಕಣವ್ವ ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳುವ ಅಭ್ಯಾಸವೂ ಅವನಿಗಿರಲಿಲ್ಲ.

"ಊಂ ಕಣವ್ವ. ತಮಟೆಯೇ."

"ಯಾರ್ಗ್ಲಾ?"

"ಅಪ್ಪನ್ಗೆ."

 ದೇವಯ್ಯ ಗಾಜಿನ ಬಾಗಿಲನ್ನು ಕಾಲಿನಿಂದ ತಳ್ಳಿ, ಫೋನಿನ ವೈರು ಎಷ್ಟು ಬರುತ್ತದೋ ಅಷ್ಟೂ ಎಳೆದು, ರಿಸೀವರನ್ನು ಬಯಲಿನ ಕಡೆಗೆ ಚಾಚಿ ಹಿಡಿದ. ತೋಳು ನೋಯುವವರೆಗೂ ಹಿಡಿದಿದ್ದ. ಕಾರ್ಡು ಮುಗಿಯುತ್ತ ಬಂದಿದೆ ಎಂದು ಫೋನು ಕೀ ಕೀ ಅಂದಾಗ ಮತ್ತೆ ಕಿವಿಗಿಟ್ಟುಕೊಂಡ.

"ಚೆನ್ನಾಗ್ ಬಡೀತಾವ್ರೆ ಕಣ್ಲಾ," ಅಂದಳು ಮರಿತಾಯಮ್ಮ. ಆಮೇಲೆ ಕೇಳಿದಳು: "ಆ ಊರ್ನೋರ್ಗೆಲ್ಲ ಗೊತ್ತಾಯ್ತಾ ಮಗ?"

ದೇವಯ್ಯ ಬಯಲು ನೋಡಿದ. ಸಾವಿರಾರು ಜನ ಕೈ ಮೇಲೆತ್ತಿ ಕುಣಿಯುತ್ತಿದ್ದರು.

"ಗೊತ್ತಾಯ್ತು ಕಣವ್ವ," ಅಂದ. "ಎಲ್ಲಾರೂ ಬಂದವ್ರೆ."